ಮಳೆಗಾಲದಲ್ಲಿ ಸಾಕುನಾಯಿಯನ್ನು ಎಲ್ಲಿ ಮಣ್ಣು ಮಾಡುವುದು? ಕಾಸರಗೋಡು ಕಡೆಯವರು ದಯವಿಟ್ಟು ತಿಳಿಸಿ

ನೀರ್ಚಾಲಿನ ಮನೆಯವಳು

ನಮ್ಮ ಬೊಳ್ಳುವಿಗೆ ಹದಿನೈದು ವರ್ಷ ದಾಟಿದೆ. ಮೂತ್ರಪಿಂಡ ಸೋತಿದೆ, ಇನ್ನು ಹೆಚ್ಚು ಕಾಲವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಅನ್ನ ಬಿಟ್ಟಿದ್ದಾನೆ. ಗಂಜಿಯ ತಿಳಿಯನ್ನು ಬೆರಳಿನಿಂದ ತುಟಿಗೆ ಸವರಿದರೆ ಮಾತ್ರ ನೆಕ್ಕುತ್ತಾನೆ. ಜೀವ ಇರುವಾಗಲೇ ಇಂತಹ ಪ್ರಶ್ನೆ ಕೇಳಲು ಸಂಕಟವಾಗುತ್ತದೆ. ಆದರೆ ಅವನು ಹೋದ ಹೊತ್ತಿನಲ್ಲಿ ಮನೆಯವರು ಅಂಗಳದಲ್ಲಿ ನಿಂತು ವಾದ ಮಾಡುವಂತಾಗಬಾರದು.

ಅತ್ತೆಗೆ ಅವನನ್ನು ತೆಂಗಿನ ಬುಡದಲ್ಲಿ ಮಣ್ಣು ಮಾಡಬೇಕೆಂದು ಆಸೆ. ಈ ಮನೆಯಲ್ಲಿ ಹಿಂದಿನಿಂದಲೂ ಹಾಗೆಯೇ ನಡೆದದ್ದು. ಮಾವನವರು ಗುಡ್ಡೆಯ ಮೇಲೆ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮೈದುನ ದಹನ ಮಾಡಿಸಿ ಬೂದಿ ಇಟ್ಟುಕೊಳ್ಳೋಣ ಎನ್ನುತ್ತಿದ್ದಾನೆ. ಬೊಳ್ಳುವನ್ನು ಮರಿಯಾಗಿದ್ದಾಗ ತಂದದ್ದು ಮೈದುನನೇ, ಅವನ ಮಾತನ್ನೂ ತಳ್ಳಿಹಾಕುವಂತಿಲ್ಲ.

ಜಾಗ ಹೀಗಿದೆ: ಮನೆಯ ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆ, ಅದರ ಬುಡದಲ್ಲಿ ಕುಡಿಯುವ ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗ. ಮನೆಯ ಪಕ್ಕದಲ್ಲಿ ಬಾವಿ. ಕೆಳಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ತೋಡು (ಸಣ್ಣ ಹಳ್ಳ). ಈಗ ಆಟಿ ತಿಂಗಳು, ಜೋರು ಮಳೆಯ ಕಾಲ. ತೋಟದಲ್ಲಿ ಒಂದು ಮೊಳ ಅಗೆದರೆ ನೀರು ಬರುತ್ತದೆ. ಅನುಭವ ಇರುವವರು ಹೇಳಿ.

ಮುಳ್ಳೇರಿಯದ ಕೃಷಿಕ

ಅಕ್ಕ, ನಿಮ್ಮ ಅತ್ತೆಯವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಾಯಿ, ಬೆಕ್ಕು, ಸತ್ತು ಹುಟ್ಟಿದ ಕರು ಎಲ್ಲವೂ ತೆಂಗಿನ ಬುಡಕ್ಕೇ ಹೋಗುತ್ತವೆ. ಆದರೆ ಬುಡ ಎಂದರೆ ಕಾಂಡಕ್ಕೆ ತಾಗಿದ ಜಾಗ ಎಂದು ಭಾವಿಸಬೇಡಿ. ಕಾಂಡದಿಂದ ಎರಡು ಮೀಟರ್ ಒಳಗೆ ಆಳವಾಗಿ ಅಗೆಯಲೇಬಾರದು. ತೆಂಗಿನ ಕೆಲಸದ ಬೇರುಗಳಲ್ಲಿ ಹೆಚ್ಚಿನವು ಅಷ್ಟರೊಳಗೇ ಇರುತ್ತವೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗೊಬ್ಬರಕ್ಕೆ 1.8 ಮೀಟರ್ ತ್ರಿಜ್ಯದ ಪಾತಿ ಮಾಡಲು ಹೇಳುವುದೂ ಇದೇ ಕಾರಣಕ್ಕೆ. 1916ರಲ್ಲಿ ತೆಂಗಿನ ಸಂಶೋಧನೆ ಶುರುವಾದ ಊರು ನಮ್ಮದು, ಅವರ ಲೆಕ್ಕವನ್ನು ನಾನು ನಂಬುತ್ತೇನೆ. ಪಿಕ್ಕಾಸಿನಿಂದ ಮೀಟರ್ ಆಳ ತೋಡಿ ಅರ್ಧ ಬೇರು ಕಡಿದರೆ ಮರ ಸೊರಗುತ್ತದೆ. ಆಮೇಲೆ ಆ ಮರವನ್ನು ನೋಡಿದಾಗಲೆಲ್ಲ ಮನಸ್ಸಿಗೆ ಇನ್ನಷ್ಟು ಬೇಸರ.

ಎರಡು ಮರಗಳ ನಡುವಿನ ಜಾಗ ಆರಿಸಿ. ನೀರು ನಿಲ್ಲದ ಕಡೆ ಇದ್ದರೆ ಮಾತ್ರ. ನೀವು ಹೇಳಿದ ತೋಟದಲ್ಲಿ ಈಗ ಆಗದು.

ನಿವೃತ್ತ ಪಶುವೈದ್ಯ, ಬದಿಯಡ್ಕ

ಅಮ್ಮ, ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಜನ ಈ ಪ್ರಶ್ನೆಯನ್ನು ಕೇಳುತ್ತಿದ್ದದ್ದು ಪ್ರಾಣಿ ಸತ್ತ ಮೇಲೆ, ಅದೂ ರಾತ್ರಿ, ಮಳೆಯಲ್ಲಿ. ಆಗ ಯಾರಿಗೂ ಯೋಚಿಸುವ ಶಕ್ತಿ ಇರುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀರಿನ ವಿಚಾರವನ್ನು ಎಲ್ಲಕ್ಕಿಂತ ಮೊದಲು ನೋಡಿ. ಬಾವಿ, ಸುರಂಗ, ತೋಡು, ಪಳ್ಳ, ಯಾವುದರಿಂದಲೂ ಕನಿಷ್ಠ ಮೂವತ್ತು ಮೀಟರ್ ದೂರ ಇರಲಿ. ಗುಡ್ಡೆಯಾದರೆ ಸುರಂಗದ ನೇರ ಮೇಲ್ಭಾಗ ಖಂಡಿತ ಬೇಡ. ಮುರಕಲ್ಲು ಹೊರಗಿನಿಂದ ಗಟ್ಟಿ ಕಂಡರೂ ಒಳಗೆಲ್ಲ ರಂಧ್ರ. ಮಳೆನೀರು ಅದರೊಳಗಿಂದ ಇಳಿದೇ ಸುರಂಗಕ್ಕೆ ಬರುವುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಲ್ಲಿ ನಡೆಯುವ ಕೆಲಸ ಈಗ ನಡೆಯುವುದಿಲ್ಲ.

ಗುಂಡಿಯ ಆಳ: ದೇಹದ ಮೇಲೆ ಒಂದು ಮೀಟರ್ ಮಣ್ಣು ಬರಬೇಕು. ತೋಡಿದ ಗುಂಡಿಯ ತಳದಲ್ಲಿ ನೀರು ಒಸರುತ್ತಿದ್ದರೆ ಆ ಜಾಗ ಬಿಟ್ಟುಬಿಡಿ. ನೀರಿನಲ್ಲಿ ಮುಳುಗಿದ ದೇಹ ಸರಿಯಾಗಿ ಮಣ್ಣಾಗದೆ ಬಹಳ ಕಾಲ ಹಾಗೆಯೇ ಉಳಿಯುತ್ತದೆ, ನೀರೂ ಕೆಡುತ್ತದೆ. ಮುರಕಲ್ಲು ಅಡ್ಡ ಬಂದು ಆಳ ಸಿಗದಿದ್ದರೆ ಸಿಕ್ಕಷ್ಟು ತೋಡಿ, ಮೇಲೆ ಮಣ್ಣಿನ ದಿಬ್ಬ ಏರಿಸಿ ಕಲ್ಲು ಹೇರಿ. ಕಲ್ಲು ಹೇರದಿದ್ದರೆ ನರಿ, ಉಡ, ಕಾಡುಹಂದಿ ಮತ್ತು ಬೀದಿನಾಯಿಗಳು ಕೆದಕದೆ ಬಿಡುವುದಿಲ್ಲ. ಅದನ್ನು ಬೆಳಿಗ್ಗೆ ಎದ್ದು ನೋಡಬೇಕಾಗಿ ಬರುವುದು ಯಾರಿಗೂ ಬೇಡ.

ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಹತ್ತಿಯ ಹಳೆ ಬಟ್ಟೆ, ಗೋಣಿ, ಅಡಿಕೆ ಹಾಳೆ ಸಾಕು. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ದೇಹ ಸೆಟೆಯಲು ತೊಡಗುತ್ತದೆ. ಅದಕ್ಕೆ ಮೊದಲೇ ಕಾಲುಗಳನ್ನು ಮಡಚಿ, ನಿದ್ದೆ ಮಾಡುವ ಭಂಗಿಯಲ್ಲಿ ಮಲಗಿಸಿ. ಮಲಮೂತ್ರ ಹೊರಬರುವುದು ಸಹಜ, ಕೆಳಗೆ ಬಟ್ಟೆ ಹಾಸಿಡಿ. ಕಣ್ಣು ಮುಚ್ಚದೆ ಇರಬಹುದು. ಮಕ್ಕಳಿಗೆ ಅದನ್ನು ಮೊದಲೇ ಹೇಳಿ, ಹೆದರಿಕೊಳ್ಳುತ್ತಾರೆ. ನಮ್ಮ ಹವೆಗೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಮೈದುನ ಬರುವ ತನಕ ಕಾಯುವುದಾದರೆ ಹೊಟ್ಟೆಯ ಸುತ್ತ ಐಸ್ ಇಡಿ. ಮೊದಲು ಕೆಡುವುದು ಅಲ್ಲಿ.

ಸುಣ್ಣದ ಬಗ್ಗೆ ಒಂದು ಮಾತು. ಸುಣ್ಣ ಹಾಕಿದರೆ ಬೇಗ ಕರಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದು ವಾಸನೆ ತಡೆಯುತ್ತದೆಯೇ ಹೊರತು ಮಣ್ಣಾಗುವುದನ್ನು ನಿಧಾನಗೊಳಿಸುತ್ತದೆ. ಉಪ್ಪಿನ ಕಥೆಯೂ ಅದೇ. ಹಿರಿಯರ ಸಮಾಧಾನಕ್ಕೆ ಒಂದು ಹಿಡಿ ಉಪ್ಪು ಹಾಕಿದರೆ ತೊಂದರೆಯಿಲ್ಲ, ಮೂಟೆ ಸುರಿಯಬೇಡಿ. ನಮ್ಮ ಮಣ್ಣೇ ಹುಳಿ ಮಣ್ಣು, ಎಲುಬನ್ನೂ ಕಾಲಕ್ರಮದಲ್ಲಿ ಕರಗಿಸುತ್ತದೆ.

ಕೊನೆಗೆ ನೋವು ಸಹಿಸಲಾಗದೆ ಚುಚ್ಚುಮದ್ದು ಕೊಟ್ಟು ಕಳುಹಿಸಿಕೊಡುವುದಾದರೆ, ಯಾವ ಔಷಧ ಕೊಟ್ಟರು ಎಂದು ವೈದ್ಯರನ್ನು ಕೇಳಿ. ಬಾರ್ಬಿಟ್ಯುರೇಟ್ ಎಂಬ ಅರಿವಳಿಕೆ ಗುಂಪಿನ ಔಷಧವಾದರೆ ಅದು ದೇಹದಲ್ಲಿಯೂ ಮಣ್ಣಿನಲ್ಲಿಯೂ ಬಹಳ ಕಾಲ ಉಳಿಯುತ್ತದೆ. ಕೆದಕಿ ತಿಂದ ಪ್ರಾಣಿ ಪಕ್ಷಿಗಳೂ ಸಾಯುತ್ತವೆ. ಅಂತಹ ದೇಹಕ್ಕೆ ಆಳ ಮತ್ತು ಕಲ್ಲು ಎರಡರಲ್ಲೂ ರಾಜಿ ಬೇಡ, ಸಾಧ್ಯವಿದ್ದರೆ ದಹನವೇ ಉತ್ತಮ.

ಪಂಚಾಯತಿನಿಂದ ನಾಯಿಗೆ ಲೈಸೆನ್ಸ್ ಮಾಡಿಸಿದ್ದರೆ ತೀರಿಕೊಂಡ ವಿಷಯ ಅಲ್ಲಿ ತಿಳಿಸಿಬಿಡಿ.

ಪಡ್ರೆಯವಳು

ಡಾಕ್ಟರರು ಔಷಧದ ಬಗ್ಗೆ ಹೇಳಿದ್ದನ್ನು ದಯವಿಟ್ಟು ಎಲ್ಲರೂ ಇನ್ನೊಮ್ಮೆ ಓದಿ.

ನಾನು ಎಣ್ಮಕಜೆಯವಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಇಲ್ಲಿಯೇ ಬೆಳೆದವಳು. 2000ದವರೆಗೂ ಅದು ನಡೆಯಿತು. ಮೇಲಿನಿಂದ ಬಿದ್ದದ್ದು ತೋಡಿಗೆ, ಕೆರೆಗೆ, ನಾವು ಕುಡಿಯುವ ಸುರಂಗಕ್ಕೆ ಇಳಿಯಿತು. ನಮ್ಮ ಊರಿನಲ್ಲಿ ಹಟ್ಟಿಯ ಕರುಗಳು ಸೊಟ್ಟ ಕಾಲಿನಿಂದ ಹುಟ್ಟಿದವು, ಜೇನ್ನೊಣ ಕಾಣೆಯಾಯಿತು, ಆಮೇಲೆ ಮಕ್ಕಳ ಸರದಿ ಬಂತು. ಮಣ್ಣಿಗೆ ಹಾಕಿದ್ದು ಮಣ್ಣಿನಲ್ಲೇ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ಎದೆ ಉರಿಯುತ್ತದೆ.

ಒಂದು ನಾಯಿಯ ದೇಹವನ್ನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ಸುರಂಗದ ಮೇಲೆ ಏನನ್ನೂ ಹೂಳಬೇಡಿ. ನಮ್ಮ ನೆರೆಯವರೊಬ್ಬರು ಸತ್ತ ಹಸುವನ್ನು ಸುರಂಗದ ಮೇಲಿನ ಏರಿಯಲ್ಲಿ ಹೂತಿದ್ದರು. ಅವರ ಜಾಗ, ಅವರ ಹಸು, ಯಾರೂ ಆಕ್ಷೇಪ ಹೇಳಲಿಲ್ಲ. ಮರುವರ್ಷದ ಮಳೆಗೆ ಸುರಂಗದ ನೀರು ನಾರತೊಡಗಿತು. ಆ ನೀರನ್ನು ಕುಡಿಯುತ್ತಿದ್ದದ್ದು ಅವರೊಬ್ಬರೇ ಅಲ್ಲ, ಕೆಳಗಿನ ಮನೆಗಳವರೂ ಹೌದು. ನಿಮ್ಮ ಸುರಂಗದ ಬಾಯಿ ಎಲ್ಲಿದೆ ಎಂದಷ್ಟೇ ನೋಡಬೇಡಿ. ಅದು ಒಳಗೆ ಯಾವ ದಿಕ್ಕಿಗೆ, ಎಷ್ಟು ಉದ್ದ ಹೋಗಿದೆ ಎಂದು ತೋಡಿದವರನ್ನೋ ಮಾವನವರನ್ನೋ ಕೇಳಿ.

ನೀರ್ಚಾಲಿನ ಮನೆಯವಳು

ಮಾವನವರನ್ನು ಕೇಳಿದೆ. ಸುರಂಗ ಒಳಗೆ ಹೋಗಿ ಎಡಕ್ಕೆ ತಿರುಗಿದೆಯಂತೆ. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಜಾಗ ಸರಿಯಾಗಿ ಅದರ ಮೇಲೇ ಇದೆ! ಬಲಗಡೆ ಗಡಿಯ ಹತ್ತಿರ ಹಳೆಯ ಗೇರುಮರವಿದೆ, ಅಲ್ಲಿಂದ ನೀರು ಇನ್ನೊಂದು ಪಕ್ಕಕ್ಕೆ ಇಳಿಯುತ್ತದೆ. ಅದು ಆಗಬಹುದೇ ಎಂದು ನೋಡುತ್ತಿದ್ದೇವೆ. ನಾಗಬನ ಆ ಕಡೆ ಇಲ್ಲ. ಅತ್ತೆ ಮೊದಲು ಕೇಳಿದ್ದೇ ಅದನ್ನು.

ಬೆಂಗಳೂರಿನಲ್ಲಿರುವ ಪೆರ್ಲದವ

ದಹನದ ಬಗ್ಗೆ ಕೇಳಿದ್ದೀರಿ. ನಾನು ಇಲ್ಲಿ ನಮ್ಮ ಲ್ಯಾಬ್ರಡಾರಿಗೆ ಮಾಡಿಸಿದ್ದೇನೆ, ಹಾಗಾಗಿ ಹೇಳುತ್ತೇನೆ. ಸುಮನಹಳ್ಳಿಯಲ್ಲಿ ಪಾಲಿಕೆಯ ಪ್ರಾಣಿ ಚಿತಾಗಾರವಿದೆ. ಕೆಂಗೇರಿಯ ಪೀಪಲ್ ಫಾರ್ ಆ್ಯನಿಮಲ್ಸ್ ಆವರಣದಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ. ಮುಂಬೈ ಪಾಲಿಕೆ 2023ರಲ್ಲಿ ಮಲಾಡಿನಲ್ಲಿ ಕೊಳವೆ ಅನಿಲದಿಂದ ಉರಿಯುವ ಚಿತಾಗಾರ ತೆರೆಯಿತು. ಎಲ್ಲವೂ ಮಹಾನಗರದಲ್ಲಿ. ನೀರ್ಚಾಲಿನಿಂದ ಬೆಂಗಳೂರಿಗೆ ದೇಹವನ್ನು ಕಾರಿನಲ್ಲಿ ಇಟ್ಟುಕೊಂಡು ರಾತ್ರಿಯಿಡೀ ಘಾಟಿ ಹತ್ತುವುದು ಮೈದುನರಿಗೆ ಸಮಾಧಾನ ಕೊಡುತ್ತದೆ ಎಂದು ನನಗೆ ಅನಿಸುವುದಿಲ್ಲ. ಮಳೆಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದರಂತೂ ಕೇಳುವುದೇ ಬೇಡ.

ಬೂದಿ ಬೇಕಾದವರು ಒಂದು ವಿಷಯವನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಒಂದೊಂದೇ ಪ್ರಾಣಿಯನ್ನು ಬೇರೆಯಾಗಿ ಸುಡುವ ಕ್ರಮ ಒಂದು, ಹಲವನ್ನು ಒಟ್ಟಿಗೆ ಸುಡುವುದು ಇನ್ನೊಂದು. ಒಟ್ಟಿಗೆ ಸುಟ್ಟರೆ ಕೈಗೆ ಬರುವ ಬೂದಿ ನಿಮ್ಮ ನಾಯಿಯದ್ದೇ ಎನ್ನಲಾಗದು. ದೇಹದ ತೂಕದ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ ಬೂದಿ ಉಳಿಯುತ್ತದೆ. ಇಪ್ಪತ್ತು ಕಿಲೋದ ನಾಯಿಗೆ ಸುಮಾರು ಏಳುನೂರು ಗ್ರಾಂ. ಅದನ್ನು ಅಷ್ಟೂ ಒಂದೇ ಹೂವಿನ ಗಿಡದ ಬುಡಕ್ಕೆ ಸುರಿಯಬೇಡಿ, ಕ್ಷಾರದಿಂದ ಗಿಡ ಸುಟ್ಟುಹೋಗುತ್ತದೆ. ಮಣ್ಣಿನೊಂದಿಗೆ ಚೆನ್ನಾಗಿ ಬೆರೆಸಿ ಹರಡಿ.

ಮನೆಯಲ್ಲೇ ಸೌದೆಯಲ್ಲಿ ಸುಡುವ ಯೋಚನೆ ಈ ಮಳೆಯಲ್ಲಿ ಬೇಡ. ಅರ್ಧ ಬೆಂದು ಉಳಿದರೆ ನೋಡುವವರ ಗತಿಯೇನು.

ಕುಂಬಳೆ ಕಡಪ್ಪುರ

ಗುಡ್ಡೆ, ತೋಟ, ಗಡಿ ಎಂದು ಮಾತಾಡುವ ಭಾಗ್ಯ ನಿಮಗಿದೆ. ನಮಗೆ ಇರುವುದು ನಾಲ್ಕು ಸೆಂಟ್. ಅದರಲ್ಲಿ ಮನೆ, ಬಾವಿ, ಶೌಚಗುಂಡಿ ಎಲ್ಲವೂ. ಹೊಯ್ಗೆ ಮಣ್ಣು, ಮೇಲೆ ಚೆಲ್ಲಿದ ನೀರು ಆ ಕ್ಷಣವೇ ಬಾವಿಗೆ ಇಳಿಯುತ್ತದೆ. ನಮ್ಮಂಥವರು ಸತ್ತ ನಾಯಿಯನ್ನು ಎಲ್ಲಿಗೆ ಒಯ್ಯಬೇಕು? ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ಒಯ್ಯುತ್ತಾರೆ, ಸತ್ತ ಪ್ರಾಣಿಯನ್ನು ಒಯ್ಯುವುದು ಅವರ ಕೆಲಸವಲ್ಲ, ಅವರನ್ನು ಕೇಳುವುದೂ ಸರಿಯಲ್ಲ. ಕಚೇರಿಗೆ ಹೋಗಿ ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜನ್ನು ತೋರಿಸುತ್ತಾರೆ. ಕೊನೆಗೆ ಕೆಲವರು ರಾತ್ರಿ ಗೋಣಿಯಲ್ಲಿ ಕಟ್ಟಿ ಹೊಳೆಗೋ ಕಡಲಿಗೋ ಎಸೆಯುತ್ತಾರೆ. ಹೊಳೆಗೆ ಎಸೆಯುವುದು ಅಪರಾಧ. ಕಡಲಿಗೆ ಎಸೆದದ್ದು ಎರಡು ದಿನದಲ್ಲಿ ಇನ್ನೊಬ್ಬರ ಮನೆಯ ಮುಂದೆ ಬಂದು ಬೀಳುತ್ತದೆ, ನಾವು ಕಡಲ ಬದಿಯವರು ಅದನ್ನು ಕಣ್ಣಾರೆ ಕಂಡವರು.

ನಮ್ಮ ಹಳೆಯ ನಾಯಿಯನ್ನು ದೊಡ್ಡಪ್ಪನ ಅಂಗಳದಲ್ಲಿ ಮಣ್ಣು ಮಾಡಿದ್ದೆವು. ಅವರ ಮನೆ ಹೆದ್ದಾರಿಯ ಪಕ್ಕ. 66ನೇ ಹೆದ್ದಾರಿ ಷಟ್ಪಥವಾದಾಗ ಅಂಗಳ ಹೋಯಿತು, ಅಲ್ಲಿ ನೆಟ್ಟಿದ್ದ ಕರವೀರದ ಗಿಡವೂ ಹೋಯಿತು. ದೊಡ್ಡಮ್ಮ ಪರಿಹಾರದ ಹಣದ ಬಗ್ಗೆ ಒಂದು ಮಾತೂ ಆಡದವರು, ಆ ಗಿಡ ಬುಲ್ಡೋಜರಿನ ಬಾಯಿಗೆ ಹೋಗುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈ ಜಿಲ್ಲೆಗೆ ಪ್ರಾಣಿಯ ಸಾವು ಸಣ್ಣ ವಿಷಯವೇ? ಅನಂತಪುರದ ಕೆರೆಯ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ಏನಾಯಿತು ನೆನಪಿಸಿಕೊಳ್ಳಿ. ಒಂದು ಮೊಸಳೆಯನ್ನು ಕೊನೆಯ ಬಾರಿ ನೋಡಲು ಜನ ಸಾಲು ನಿಂತರು. ನಾನೂ ನಿಂತಿದ್ದೆ. ಮೈಮೇಲೆಲ್ಲ ಹೂವು. ಪೂಜೆ ಮಾಡಿ ದೇವಸ್ಥಾನದ ಪರಿಸರದಲ್ಲೇ ಮಣ್ಣು ಮಾಡಿದರು. ನನ್ನ ಪಕ್ಕದಲ್ಲಿದ್ದ ಮೀನುಗಾರ ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದ. ಆ ಗೌರವದ ಹತ್ತರಲ್ಲಿ ಒಂದು ಪಾಲು ನಮ್ಮ ಮನೆಯ ನಾಯಿಗೆ ಸಿಕ್ಕರೆ ಸಾಕು.

ಉಪ್ಪಳದ ಬೆಕ್ಕಿನ ಮನೆ

ನಮ್ಮ ಮನೆಯಲ್ಲಿ ಬೆಕ್ಕುಗಳಿಗೆ ಕೊರತೆಯಿಲ್ಲ, ಹಾಗಾಗಿ ಸಾವುಗಳಿಗೂ ಕೊರತೆಯಿಲ್ಲ. ಪ್ರಾಣಿಗಳಿಗೆ ಕಫನ್ (ಶವದ ಬಟ್ಟೆ), ಮಯ್ಯಿತ್ ನಮಾಜ್ (ಸತ್ತವರಿಗಾಗಿ ಪ್ರಾರ್ಥನೆ) ಇತ್ಯಾದಿ ನಮ್ಮಲ್ಲಿ ಇಲ್ಲ. ಆದರೆ ಉಮ್ಮ ಒಂದು ಬೆಕ್ಕಿನ ಮರಿಯನ್ನೂ ಹಾಗೇ ಬಿಸಾಡಲು ಬಿಡುವುದಿಲ್ಲ. ಬಟ್ಟೆ ಸುತ್ತಿ ಮಣ್ಣು ಮುಚ್ಚಿಸುತ್ತಾರೆ. ಕುರ್‌ಆನಿನಲ್ಲಿ ಆದಮರ ಮಗನೊಬ್ಬ ತಾನು ಕೊಂದ ಸಹೋದರನ ಶವವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಾಗ, ನೆಲ ಕೆದಕಿ ದಾರಿ ತೋರಿಸಿದ್ದು ಕಾಗೆ. ಮನುಷ್ಯನಿಗೆ ಮಣ್ಣು ಮಾಡಲು ಕಲಿಸಿದ್ದೇ ಒಂದು ಪ್ರಾಣಿ, ಅವುಗಳಿಗೆ ಅಷ್ಟು ಮಾಡದಿದ್ದರೆ ಹೇಗೆ ಎಂದು ಉಮ್ಮ ಕೇಳುತ್ತಾರೆ.

ಬೆಕ್ಕು ಸಣ್ಣದೆಂದು ಅರ್ಧ ಅಡಿಯಲ್ಲಿ ಮುಚ್ಚುವವರಿದ್ದಾರೆ. ಬೀದಿನಾಯಿ ಮಾರನೆಯ ದಿನವೇ ಎಳೆದು ಹಾಕುತ್ತದೆ. ಸಣ್ಣ ಗುಂಡಿಯಾದರೂ ಆಳ ಬೇಕು.

ಮಂಜೇಶ್ವರದ ಓದುಗ

ಇದೆಲ್ಲ ಓದುತ್ತಾ ಬೇಸರವಾಗುತ್ತಿದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಇಂದಿಗೂ ಎದೆನೋವು ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಹೋದ ಜೀವಗಳನ್ನು ಮರೆತುಬಿಟ್ಟಿರಾ? ಮನುಷ್ಯರಿಗೇ ದಿಕ್ಕಿಲ್ಲದ ಜಿಲ್ಲೆಯಲ್ಲಿ ನಾಯಿಯ ಅಂತ್ಯಕ್ರಿಯೆಯ ಚರ್ಚೆ ನನಗೆ ಒಪ್ಪಿಗೆಯಾಗುತ್ತಿಲ್ಲ.

ಪಡ್ರೆಯವಳು

ಮಂಜೇಶ್ವರದ ಅಣ್ಣನವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಗಡಿ ಮುಚ್ಚಿದ ಆ ದಿನಗಳನ್ನು ನಾವೂ ಮರೆತಿಲ್ಲ. ಆದರೆ ಇಲ್ಲಿ ಯಾರೂ ಆಸ್ಪತ್ರೆಯ ಹಣವನ್ನು ನಾಯಿಗೆ ಕೊಡಿ ಎಂದು ಕೇಳುತ್ತಿಲ್ಲ. ಸತ್ತ ಪ್ರಾಣಿ ಬಾವಿ ಕೆಡಿಸಿದರೆ, ಹುಚ್ಚುನಾಯಿಯ ದೇಹವನ್ನು ಬರಿಗೈಯಲ್ಲಿ ಎತ್ತಿದರೆ, ಮತ್ತೆ ಮಂಗಳೂರಿಗೆ ಓಡಬೇಕಾದವರು ನಾವೇ ಅಲ್ಲವೇ?

ಪೆರ್ಲ ಬಸ್ ನಿಲ್ದಾಣದ ಹತ್ತಿರ

ಡಾಕ್ಟರರೇ, ತುರ್ತಾಗಿ ಕೇಳುತ್ತಿದ್ದೇನೆ. ನಾವು ಸಾಕಲೆಂದು ದಾರಿಯಿಂದ ತಂದಿದ್ದ ಮರಿ ಮೊನ್ನೆಯಿಂದ ಜೊಲ್ಲು ಸುರಿಸುತ್ತಿತ್ತು. ಹಿಂಗಾಲು ಎಳೆಯುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಇಂದು ಬೆಳಿಗ್ಗೆ ಸತ್ತಿತು. ಅದು ಮೊನ್ನೆ ಮಗನ ಕೈ ಕಚ್ಚಿತ್ತು, ಸಣ್ಣ ಗಾಯ. ಹಿತ್ತಲಿನಲ್ಲಿ ಹೂಳಬಹುದೇ?

ನಿವೃತ್ತ ಪಶುವೈದ್ಯ, ಬದಿಯಡ್ಕ

ಹೂಳಬೇಡಿ. ಇದು ಹುಚ್ಚು ರೋಗ (ರೇಬೀಸ್) ಇರಬಹುದು. ದೇಹದ ವಿಷಯಕ್ಕೂ ಮೊದಲು ಮಗನ ವಿಷಯ. ಈಗಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆಯಿರಿ, ಎರಡು ದಿನ ಕಳೆದಿದ್ದರೂ ಸರಿ. ಅರಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಹಚ್ಚಬೇಡಿ. ಆಮೇಲೆ ನೇರವಾಗಿ ಆಸ್ಪತ್ರೆಗೆ. ಗಾಯ ಎಷ್ಟು ಸಣ್ಣದು ಎಂದು ನೀವು ತೀರ್ಮಾನಿಸಬೇಡಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಕೊಡಬೇಕಾಗುತ್ತದೆ. ಲಸಿಕೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಚರ್ಮದೊಳಗೆ ಕೊಡುತ್ತಾರೆ. ಒಂದನ್ನೂ ತಪ್ಪಿಸಬಾರದು. ಪರೀಕ್ಷೆಯ ಫಲ ಬರಲಿ ಎಂದು ಕಾಯುವುದು ಬೇಡವೇ ಬೇಡ. ರೋಗ ಕಾಣಿಸಿಕೊಂಡ ಮೇಲೆ ಯಾರಿಂದಲೂ ಏನೂ ಮಾಡಲಾಗದು. ಮರಿಯನ್ನು ಎತ್ತಿದ, ಜೊಲ್ಲು ತಾಗಿಸಿಕೊಂಡ ಎಲ್ಲರನ್ನೂ ಕರೆದುಕೊಂಡು ಹೋಗಿ.

ಮರಿಯ ದೇಹವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಐಸಿನ ಮೇಲೆ ಇಡಿ. ಪ್ಲಾಸ್ಟಿಕ್ ಬೇಡ ಎಂದು ಮೊದಲು ಹೇಳಿದ್ದು ಇಂತಹ ಸಂದರ್ಭಕ್ಕಲ್ಲ. ಮೃಗಾಸ್ಪತ್ರೆಗೆ ಫೋನ್ ಮಾಡಿ. ಹುಚ್ಚು ರೋಗ ಖಚಿತವಾಗುವುದು ಮೆದುಳಿನ ಅಂಶವನ್ನು ಪರೀಕ್ಷಿಸಿದರೆ ಮಾತ್ರ. ಹೂತರೆ, ಸುಟ್ಟರೆ ಆ ಅವಕಾಶ ಹೋಯಿತು. ಮಾದರಿಯನ್ನು ಕಣ್ಣೂರಿನ ಪ್ರಾದೇಶಿಕ ರೋಗಪತ್ತೆ ಪ್ರಯೋಗಾಲಯಕ್ಕೆ ಕಳುಹಿಸುವ ಬಗ್ಗೆ ಅವರೇ ಹೇಳುತ್ತಾರೆ. ಹೊರಟಿರಾ ಎಂದು ಇಲ್ಲಿ ಒಂದು ಸಾಲು ಬರೆಯಿರಿ.

ಪೆರ್ಲ ಬಸ್ ನಿಲ್ದಾಣದ ಹತ್ತಿರ

ಆಸ್ಪತ್ರೆಯಲ್ಲಿದ್ದೇವೆ. ಮಗನಿಗೂ ನನ್ನ ಹೆಂಡತಿಗೂ ಮೊದಲ ಚುಚ್ಚುಮದ್ದು ಆಯಿತು. ಮೃಗಾಸ್ಪತ್ರೆಯವರು ದೇಹವನ್ನು ತಂದುಕೊಡಲು ಹೇಳಿದ್ದಾರೆ, ತಮ್ಮ ಹೊರಟಿದ್ದಾನೆ. ನಿಮ್ಮ ಋಣ ದೊಡ್ಡದು ಡಾಕ್ಟರರೇ.

ಮಂಜೇಶ್ವರದ ಓದುಗ

ಮೇಲಿನದನ್ನು ಓದಿದೆ. ಮಗು ಚೆನ್ನಾಗಿರಲಿ. ಡಾಕ್ಟರರು ಬರೆದದ್ದನ್ನು ನಮ್ಮ ವಾರ್ಡಿನ ಗುಂಪಿಗೆ ಕಳುಹಿಸುತ್ತಿದ್ದೇನೆ.

ನಿವೃತ್ತ ಮಾಸ್ತರ್, ಕುಂಟಾರು

ಕ್ರಿಯೆಯ ವಿಷಯವಾಗಿ ಕೆಲವರು ನನಗೆ ಬೇರೆಯಾಗಿ ಕೇಳಿದ್ದಾರೆ. ನಾಯಿಗೆ ಸೂತಕ ಉಂಟೇ, ದಾನ ಕೊಡಬೇಕೇ, ಮನೆದೇವರ ದೀಪ ಹಚ್ಚಬಹುದೇ ಎಂದು. ಸೂತಕ ಇಲ್ಲ, ದೀಪ ಹಚ್ಚಿ. ಆದರೆ ಪ್ರಾಣಿಗೆ ಕ್ರಿಯೆ ಮಾಡುವುದು ಹೊಸ ಹುಚ್ಚು ಎನ್ನುವವರಿಗೆ ಒಂದು ಮಾತು ಹೇಳಬೇಕು. ತೋಟದಲ್ಲಿ ನಾಗರಹಾವು ಸತ್ತು ಬಿದ್ದದ್ದು ಕಂಡರೆ ಪುರೋಹಿತರನ್ನು ಕರೆಸಿ ಸಂಸ್ಕಾರ ಮಾಡಿಸುವ ನಾಡು ಇದು. ಹಟ್ಟಿಯಲ್ಲಿ ಹಸು ಸತ್ತರೆ ಅರಸಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅಂಗಳ ಕಾದ ನಾಯಿಗೆ ಒಂದು ಹಿಡಿ ಅಕ್ಕಿ, ಒಂದು ತುಳಸಿ ಎಲೆ ಹಾಕಿದರೆ ಶಾಸ್ತ್ರ ಕೆಡುವುದಿಲ್ಲ.

ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂಬುದು ಇನ್ನೊಂದು ವಿನಂತಿ. ನಾಯಿ ಕಾಡಿಗೆ ಹೋಯಿತು, ಯಾರೋ ಒಯ್ದರು ಎಂದರೆ ಮಗು ತಿಂಗಳುಗಟ್ಟಲೆ ಗೇಟಿನ ಹತ್ತಿರ ಕಾಯುತ್ತದೆ. ಶಾಲೆಯಲ್ಲಿ ಅಂತಹ ಮಕ್ಕಳನ್ನು ನೋಡಿದ್ದೇನೆ. ಮಣ್ಣು ಹಾಕುವಾಗ ಅವರೂ ಇರಲಿ, ಒಂದು ಹಿಡಿ ಅವರೂ ಹಾಕಲಿ. ಅಳು ಬಂದರೆ ಅಳಲಿ.

ನೀರ್ಚಾಲಿನ ಮನೆಯವಳು

ಬೊಳ್ಳು ನಿನ್ನೆ ಬೆಳಗಿನ ಜಾವ ಹೋದ. ಚುಚ್ಚುಮದ್ದಿನ ಅಗತ್ಯ ಬರಲಿಲ್ಲ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಗುಂಡಿ ತೋಡಿಸಿಡೋಣ ಎಂದು ನಾನು ಹೇಳಿದ್ದೆ. ಜೀವ ಇರುವವನಿಗೆ ಗುಂಡಿ ತೋಡುವುದೇ ಎಂದು ಅತ್ತೆ ಕಣ್ಣೀರು ಹಾಕಿದರು. ಹಾಗಾಗಿ ಜಾಗ ಮಾತ್ರ ಗುರುತಿಸಿ, ಟಾರ್ಪಾಲು ಕಟ್ಟಿ, ಪಿಕ್ಕಾಸು ಹಾರೆಗಳನ್ನು ಅಲ್ಲೇ ಇಟ್ಟಿದ್ದೆವು. ನಿಮ್ಮಲ್ಲೂ ಹಿರಿಯರಿಗೆ ಒಪ್ಪಿಗೆಯಾಗದಿದ್ದರೆ ಹೀಗೆ ಮಾಡಿ. ಟಾರ್ಪಾಲಿನ ಕೆಳಗೆ ಮಣ್ಣು ಒಣಗಿಯೇ ಇತ್ತು.

ಗೇರುಮರದ ಆಚೆ ಮಾವನವರೂ ನೆರೆಮನೆಯ ಅಣ್ಣನೂ ಸೇರಿ ತೋಡಿದರು. ಎರಡಡಿಗೆ ಮುರಕಲ್ಲು ಸಿಕ್ಕಿತು. ಪಿಕ್ಕಾಸು ಬಿದ್ದಲ್ಲೆಲ್ಲ ಕಿಡಿ. ಸೊಂಟದ ಆಳಕ್ಕೆ ನಿಲ್ಲಿಸಿದರು, ತಳದಲ್ಲಿ ನೀರಿರಲಿಲ್ಲ. ದೊಡ್ಡದೊಂದು ಅಡಿಕೆ ಹಾಳೆಯ ಮೇಲೆ ಅತ್ತೆಯ ಹಳೆಯ ಹತ್ತಿ ಸೀರೆ ಹಾಸಿ ಮಲಗಿಸಿದ್ದೆವು. ಡಾಕ್ಟರರು ಹೇಳಿದಂತೆ ಕಾಲು ಮಡಚಿದ್ದರಿಂದ ಹಾಳೆಯ ಒಳಗೆ ಸರಿಯಾಗಿ ಕುಳಿತ. ಬಲಗಿವಿ ಯಾವಾಗಲೂ ಹಿಂದಕ್ಕೆ ಮಡಚಿಕೊಂಡಿರುತ್ತಿತ್ತು, ಅತ್ತೆ ಅದನ್ನು ನೇರ ಮಾಡಿದರು. ಅದು ಮತ್ತೆ ಮಡಚಿಕೊಂಡಿತು. ಆಗ ಎಲ್ಲರಿಗೂ ತಡೆಯಲಾಗಲಿಲ್ಲ.

ಮೈದುನ ರಾತ್ರಿ ಬಸ್ಸಿನಲ್ಲಿ ಬಂದಿಳಿದ. ಅವನು ಬರುವ ತನಕ ಐಸ್ ಇಟ್ಟು ಕಾದೆವು. ಬೂದಿಯ ಮಾತನ್ನು ಅವನು ಎತ್ತಲೇ ಇಲ್ಲ. ಗುಂಡಿಗೆ ಇಳಿದು ಅವನೇ ಮಲಗಿಸಿದ. ಕೊರಳಪಟ್ಟಿಯನ್ನು ಮಾತ್ರ ಒಯ್ಯುತ್ತಾನಂತೆ. ಮಗಳು ಒಂದು ಹಿಡಿ ಮಣ್ಣು ಹಾಕಿದಳು, ಮಾಸ್ತರರು ಹೇಳಿದ ತುಳಸಿಯನ್ನೂ ಹಾಕಿದೆವು. ಮೇಲೆ ಮುರಕಲ್ಲಿನ ತುಂಡುಗಳನ್ನೇ ಒತ್ತೊತ್ತಾಗಿ ಹೇರಿದ್ದಾರೆ. ಎಲ್ಲರಿಗೂ ನಮಸ್ಕಾರ.

ಮುಳ್ಳೇರಿಯದ ಕೃಷಿಕ

ಅಕ್ಕ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೆಲವು ವಾರಗಳಲ್ಲಿ ಮಣ್ಣು ಕುಸಿಯುತ್ತದೆ. ಆಗ ಗಾಬರಿಯಾಗಬೇಡಿ, ಅದು ಸಹಜ. ಗುಂಡಿ ಬಿದ್ದಲ್ಲಿ ನೀರು ನಿಲ್ಲದಂತೆ ಇನ್ನೊಂದಿಷ್ಟು ಮಣ್ಣು ಏರಿಸಿ, ಕಲ್ಲನ್ನು ಮತ್ತೆ ಮೇಲಿಡಿ. ಗಿಡ ನೆಡುವುದಿದ್ದರೆ ಮಳೆ ಮುಗಿಯಲಿ.

ನಿವೃತ್ತ ಪಶುವೈದ್ಯ, ಬದಿಯಡ್ಕ

ಮುಂದೆ ಮರಿ ತರುವವರಿಗೆ ಒಂದು ಸೂಚನೆ. ಬೊಳ್ಳುವಿನ ಹಾಗೆ ಮುಪ್ಪಿನಿಂದ ಹೋದರೆ ಚಿಂತೆಯಿಲ್ಲ. ಪಾರ್ವೊ ಎಂಬ ವಾಂತಿಭೇದಿಯ ಸಾಂಕ್ರಾಮಿಕ ರೋಗದಿಂದ ನಾಯಿ ಸತ್ತ ಮನೆಯಲ್ಲಿ ಆ ವೈರಾಣು ನೆಲದಲ್ಲಿ, ತಟ್ಟೆಯಲ್ಲಿ, ಹಾಸಿದ ಗೋಣಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಒಂದು ವರ್ಷ ಉಳಿದರೂ ಆಶ್ಚರ್ಯವಿಲ್ಲ. ಗೋಣಿ ಸುಡಿ, ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ, ಲಸಿಕೆ ಪೂರ್ತಿಯಾಗದ ಮರಿಯನ್ನು ಆ ಅಂಗಳಕ್ಕೆ ತರಬೇಡಿ.

ಕುಂಬಳೆ ಕಡಪ್ಪುರ

ಜಾಗ ಇದ್ದವರ ದಾರಿ ಸ್ಪಷ್ಟವಾಯಿತು. ಇಲ್ಲದವರ ವಿಷಯ ಬಾಕಿ ಇದೆ. ಗ್ರಾಮಸಭೆಯಲ್ಲಿ ಬರಹದ ಬೇಡಿಕೆ ಇಡಬೇಕೆಂದಿದ್ದೇನೆ. ನಾಲ್ಕೈದು ಪಂಚಾಯತುಗಳು ಸೇರಿ, ನೀರಿನಿಂದ ದೂರದ ಸರಕಾರಿ ಗುಡ್ಡೆಯಲ್ಲಿ ಬೇಲಿ ಹಾಕಿದ ಒಂದು ಜಾಗ ಕೊಡಲಿ. ಆಳವಾದ ಗುಂಡಿಗಳನ್ನು ಬೇಸಿಗೆಯಲ್ಲೇ ಜೆಸಿಬಿಯಿಂದ ತೋಡಿಸಿಡಲಿ. ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಬೀದಿನಾಯಿ, ಬೆಕ್ಕುಗಳನ್ನೂ ಅಲ್ಲಿಗೇ ಒಯ್ಯಲಿ. ಮುಂದೆ ಅನುಕೂಲವಾದಾಗ ಅನಿಲದ ಚಿತಾಗಾರ ಮಾಡಲಿ. ಸಾಕುವವರು ತೂಕಕ್ಕೆ ತಕ್ಕ ಶುಲ್ಕ ಕೊಡಲು ಸಿದ್ಧರಿದ್ದೇವೆ.

ನಿವೃತ್ತ ಪಶುವೈದ್ಯ, ಬದಿಯಡ್ಕ

ಇನ್ನೊಂದು ಸೇರಿಸಿ. ಮೃಗಾಸ್ಪತ್ರೆಗಳಲ್ಲಿ ದೇಹ ಇಡುವುದಕ್ಕೆಂದೇ ಒಂದು ದೊಡ್ಡ ಫ್ರೀಜರ್. ಜಾಗ ಸಿಗಲು ವರ್ಷಗಳಾಗಬಹುದು, ಫ್ರೀಜರ್ ತರಲು ಅಷ್ಟು ಸಮಯ ಬೇಡ. ರಾತ್ರಿ ಸತ್ತ ಪ್ರಾಣಿಯನ್ನು ಇಟ್ಟುಕೊಂಡು ಮಳೆಯಲ್ಲಿ ಪರದಾಡುವುದು ಅಷ್ಟರಿಂದಲೇ ತಪ್ಪುತ್ತದೆ. ಹುಚ್ಚು ರೋಗದ ಸಂದೇಹ ಇರುವ ದೇಹವನ್ನು ಮಾತ್ರ ಹೆಪ್ಪುಗಟ್ಟಿಸದೆ ಐಸಿನಲ್ಲೇ ಇಡಬೇಕು ಎಂದೂ ಬರೆಯಿರಿ.

ನಿವೃತ್ತ ಮಾಸ್ತರ್, ಕುಂಟಾರು

ಕನ್ನಡದ ಪ್ರತಿಯನ್ನು ನಾನು ಬರೆದುಕೊಡುತ್ತೇನೆ. ಮಲಯಾಳದ ಪ್ರತಿಯೂ ಜೊತೆಗೇ ಹೋಗಬೇಕು. ಅಲ್ಲಿ ಹಾಕುವ ಸೂಚನಾಫಲಕ ಎರಡೂ ಭಾಷೆಗಳಲ್ಲಿ ಇರಬೇಕೆಂದು ಬೇಡಿಕೆಯಲ್ಲೇ ಸೇರಿಸೋಣ. ಗುಂಡಿಯ ಆಳ, ಬಾವಿಯಿಂದ ದೂರ, ಕಚ್ಚಿದ ನಾಯಿ ಸತ್ತರೆ ಏನು ಮಾಡಬೇಕು ಎಂಬುದು ನಮ್ಮ ಕಡೆಯ ಅಜ್ಜಿಗೂ ಓದಿ ಅರ್ಥವಾಗಬೇಕು.

ಉಪ್ಪಳದ ಬೆಕ್ಕಿನ ಮನೆ

ಮಾಸ್ತರರೇ, ಮಲಯಾಳದ್ದು ನನಗೆ ಬಿಡಿ. ನಾಳೆ ಸಂಜೆಯೊಳಗೆ ಕಳುಹಿಸುತ್ತೇನೆ. ತಮ್ಮ ತಮ್ಮ ವಾರ್ಡಿನ ಗ್ರಾಮಸಭೆಯ ದಿನಾಂಕ ಗೊತ್ತಾದವರು ಇಲ್ಲೇ ಹಾಕಿ, ಸಹಿಗೆ ನಾನೂ ಬರುತ್ತೇನೆ.